ಅಡುಗೂಲಜ್ಜಿಯ ಮೊಮ್ಮಕ್ಕಳು: ಅದ್ಭುತ ಕಥನದಲ್ಲಿ ಸಾಮಾನ್ಯ ಹರೆಯದವರು

1. ಹೆಸರು ಮತ್ತು ಪ್ರಕಾರ

ಅದ್ಭುತ ಕಥೆಗೆ ಕನ್ನಡದಲ್ಲಿ ಬಹುಕಾಲದಿಂದ ಇರುವ ಹೆಸರು ಅಡುಗೂಲಜ್ಜಿ ಕಥೆ. ಕೂಲಿಗೆ ಅಡುಗೆ ಮಾಡಿ ಹೊಟ್ಟೆ ಹೊರೆಯುವ ಮುದುಕಿಯೇ ಅಡುಗೂಲಜ್ಜಿ. ಜನಪದ ಕಥೆಗಳಲ್ಲಿ ದೇಶಾಂತರ ಹೊರಟ ಹುಡುಗ ಅವಳ ಗುಡಿಸಲಿನಲ್ಲಿ ತಂಗುತ್ತಾನೆ, ಅವಳು ಬೇಯಿಸಿ ಹಾಕಿದ್ದನ್ನು ಉಣ್ಣುತ್ತಾನೆ. ಊರನ್ನು ಕಾಡುವ ರಾಕ್ಷಸನ ಸುದ್ದಿ, ಏಳು ಸಮುದ್ರದ ಆಚೆಯ ಹೂವಿನ ಸುದ್ದಿ ಅವನಿಗೆ ಮೊದಲು ತಿಳಿಯುವುದು ಅವಳ ಬಾಯಿಂದ. ಮಾಯೆಯ ಲೋಕಕ್ಕೆ ಹೋಗುವ ದಾರಿ ಅಡುಗೆಯ ಒಲೆಯ ಪಕ್ಕದಿಂದ ಹೊರಡುತ್ತದೆ. ನಂಬಲಾಗದ ಮಾತನ್ನು ‘ಅಡುಗೂಲಜ್ಜಿ ಕಥೆ’ ಎಂದು ತಳ್ಳಿಹಾಕುವ ರೂಢಿ ಆಮೇಲೆ ಬಂದಿತು. ಆದರೂ ಒಂದು ಇಡೀ ಕಥನ ಪ್ರಕಾರಕ್ಕೆ ರಾಜನ ಹೆಸರನ್ನಾಗಲಿ ಮಾಂತ್ರಿಕನ ಹೆಸರನ್ನಾಗಲಿ ಇಡದೆ, ಕೂಲಿಯ ಮುದುಕಿಯ ಹೆಸರಿಟ್ಟದ್ದರಲ್ಲಿ ಕನ್ನಡ ಜನದ ಒಂದು ತಿಳಿವಳಿಕೆ ಅಡಗಿದೆ. ಅದ್ಭುತ ಎನ್ನುವುದು ದುಡಿದು ತಿನ್ನುವವರ ಮನೆಯ ಸೊತ್ತು ಎಂಬುದೇ ಆ ತಿಳಿವಳಿಕೆ.

ಇಂದು ಪುಸ್ತಕದಂಗಡಿಗಳಲ್ಲಿ ‘ಯಂಗ್ ಅಡಲ್ಟ್ ಫ್ಯಾಂಟಸಿ’ ಎಂಬ ಹಲಗೆಯ ಕೆಳಗೆ ಜೋಡಿಸಿರುವ ಕಾದಂಬರಿಗಳು ಸುಮಾರು 13ರಿಂದ 18 ವರ್ಷದ ಓದುಗರಿಗಾಗಿ ಬರೆದವು. ಅವುಗಳ ಮುಖ್ಯ ಪಾತ್ರಗಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಈ ಕಾದಂಬರಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸಂಪೂರ್ಣ ಬೇರೆ ಲೋಕದಲ್ಲಿ ನಡೆಯುವ ಕಥೆ. ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968) ಇದಕ್ಕೆ ಉದಾಹರಣೆ. ಎರಡನೆಯದರಲ್ಲಿ ಈ ಲೋಕದ ಮಕ್ಕಳು ಒಂದು ಬಾಗಿಲು ದಾಟಿ ಇನ್ನೊಂದು ಲೋಕಕ್ಕೆ ಹೋಗುತ್ತಾರೆ. 1950ರಲ್ಲಿ ಆರಂಭವಾದ ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆ ಈ ಬಗೆಯದು. ಮೂರನೆಯ ಬಗೆಯಲ್ಲಿ ಅದ್ಭುತವೇ ಬಾಗಿಲು ದಾಟಿ ಒಳಗೆ ಬರುತ್ತದೆ. ಶಾಲೆ, ಬಸ್ಸು, ಪರೀಕ್ಷೆ, ಮನೆಯ ಸಾಲ ಎಲ್ಲವೂ ಇದ್ದ ಹಾಗೆಯೇ ಇರುತ್ತವೆ. ಅವುಗಳ ನಡುವೆ ನಡೆಯಬಾರದ ಒಂದು ಸಂಗತಿ ನಡೆದುಬಿಡುತ್ತದೆ. ಸಾಮಾನ್ಯ ಹರೆಯದವರ ಕಥೆಗೆ ಹೆಚ್ಚು ಜಾಗವಿರುವುದು ಈ ಮೂರನೆಯ ಬಗೆಯಲ್ಲಿ. ಕನ್ನಡದ ಹಳೆಯ ಕಥನವೂ ಹೆಚ್ಚಾಗಿ ಈ ಬಗೆಯದೇ.

2. ಕಾವ್ಯದಲ್ಲಿ ಎಳೆಯರು

1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ ಇಬ್ಬರು ಎಳೆಯರಿಂದ ಆರಂಭವಾಗುತ್ತದೆ. ಅಭಯರುಚಿ ಮತ್ತು ಅಭಯಮತಿ ಅಣ್ಣತಂಗಿಯರು. ಹುಟ್ಟಿದ್ದು ಅರಮನೆಯಲ್ಲಾದರೂ ಕಥೆ ಶುರುವಾಗುವಾಗ ಅವರ ಕೈಯಲ್ಲಿ ಏನೂ ಇಲ್ಲ. ಭಿಕ್ಷೆಗೆ ಹೊರಟ ಜೈನ ವ್ರತಿಗಳು ಅವರು. ಚಂಡಮಾರಿಯ ಜಾತ್ರೆಗೆ ನರಬಲಿ ಬೇಕೆಂದು ಅವರನ್ನು ಹಿಡಿದು ತಂದು ಮಾರಿದತ್ತ ರಾಜನ ಮುಂದೆ ನಿಲ್ಲಿಸುತ್ತಾರೆ. ಕತ್ತಿ ಎತ್ತಿದವನ ಎದುರು ಆ ಹುಡುಗ ಮಾಡುವುದು ಒಂದೇ ಕೆಲಸ, ಕಥೆ ಹೇಳುವುದು. ಹಿಂದಿನ ಜನ್ಮದಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪದ ತಪ್ಪಿಗೆ ನವಿಲಾಗಿ, ನಾಯಾಗಿ, ಮತ್ತೆ ಮತ್ತೆ ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ ಸತ್ತ ಕಥೆಯದು. ಅದನ್ನು ಕೇಳಿದ ಮಾರಿದತ್ತ ಕೊಲೆಯನ್ನು ಬಿಡುತ್ತಾನೆ. ಇಲ್ಲಿನ ಅದ್ಭುತ ಜನ್ಮಾಂತರದ್ದು, ಆದರೆ ಗೆಲ್ಲುವ ಆಯುಧ ಹೆದರದ ಮಾತು. ಆಯುಧವಿಲ್ಲದ ಇಬ್ಬರು ಎಳೆಯರು ಅಧಿಕಾರದಲ್ಲಿರುವ ಹಿರಿಯನೊಬ್ಬನ ಮನಸ್ಸನ್ನು ತಿರುಗಿಸುವ ಈ ಚೌಕಟ್ಟು ಎಂಟು ಶತಮಾನದ ಹಿಂದಿನದು.

ಹರಿಹರನ ‘ಕೋಳೂರು ಕೊಡಗೂಸಿನ ರಗಳೆ’ಯ ಹುಡುಗಿ ಇನ್ನೂ ಚಿಕ್ಕವಳು. ಪರವೂರಿಗೆ ಹೊರಟ ತಂದೆ, ದೇವಾಲಯಕ್ಕೆ ನಿತ್ಯ ಹಾಲು ಒಯ್ಯುವ ಕೆಲಸವನ್ನು ಮಗಳಿಗೆ ಒಪ್ಪಿಸಿರುತ್ತಾನೆ. ದೇವರು ಹಾಲು ಕುಡಿಯುತ್ತಾನೆ ಎಂದೇ ಅವಳು ನಂಬಿದ್ದಾಳೆ, ಏಕೆಂದರೆ ದೊಡ್ಡವರು ಹೇಳಿದ್ದು ಹಾಗೆ. ಅವನು ಕುಡಿಯದೆ ಇದ್ದಾಗ ಗೋಗರೆಯುತ್ತಾಳೆ, ಅಳುತ್ತಾಳೆ, ಪ್ರಾಣ ಬಿಡುತ್ತೇನೆಂದು ಹೆದರಿಸುತ್ತಾಳೆ. ಶಿವ ಬಂದು ಕುಡಿಯುತ್ತಾನೆ. ಊರಿನಿಂದ ಮರಳಿದ ತಂದೆ ಮಾತ್ರ ಮಗಳ ಮಾತನ್ನು ನಂಬುವುದಿಲ್ಲ. ಹಾಲನ್ನು ಅವಳೇ ಕುಡಿದಳೆಂದು ಹೊಡೆಯಲು ಬರುತ್ತಾನೆ. ಕೊನೆಗೆ ಶಿವ ಅವಳನ್ನು ತನ್ನಲ್ಲೇ ಸೇರಿಸಿಕೊಳ್ಳುತ್ತಾನೆ. ಭಕ್ತಿಯ ಕಥೆಯಾಗಿ ಹೆಸರಾದ ಇದರ ಒಳಗೆ ಹರೆಯದ ಕಥನದ ಬೀಜವೊಂದಿದೆ. ಹಿರಿಯರು ಕಲಿಸಿದ್ದನ್ನು ಕಿರಿಯರು ಅಕ್ಷರಶಃ ನಂಬಿ ನಡೆದುಕೊಂಡಾಗ, ಅದನ್ನು ಮೊದಲು ಸುಳ್ಳೆನ್ನುವವರು ಆ ಹಿರಿಯರೇ. ಇಂದಿನ ಅದ್ಭುತ ಕಾದಂಬರಿಗಳಲ್ಲಿ ಮನೆಯವರು ಮಗುವಿನ ಮಾತನ್ನು ನಂಬದಿರುವ ಸನ್ನಿವೇಶ ಮತ್ತೆ ಮತ್ತೆ ಬರುವುದು ಇದೇ ಅನುಭವದಿಂದ.

3. ಹೂವಿನ ಗಿಡವಾದ ಹುಡುಗಿ

ಸಾಮಾನ್ಯ ಹರೆಯದವರ ಅದ್ಭುತ ಕಥೆ ಅತ್ಯಂತ ಪೂರ್ಣವಾಗಿ ಮೂಡಿರುವುದು ಒಂದು ಜನಪದ ಕಥೆಯಲ್ಲಿ. ಎ. ಕೆ. ರಾಮಾನುಜನ್ (1929–1993) ಕರ್ನಾಟಕದಲ್ಲಿ ಕೇಳಿ ದಾಖಲಿಸಿ, ಇಂಗ್ಲಿಷಿನಲ್ಲಿ ‘ಎ ಫ್ಲವರಿಂಗ್ ಟ್ರೀ’ ಎಂದು ಲೋಕಕ್ಕೆ ಪರಿಚಯಿಸಿದ ಕಥೆಯದು. ಅದೇ ಹೆಸರಿನ ಅವರ ಸಂಕಲನ 1997ರಲ್ಲಿ, ಅವರ ಮರಣಾನಂತರ, ಪ್ರಕಟವಾಯಿತು. ಗಿರೀಶ ಕಾರ್ನಾಡರ ‘ಚೆಲುವಿ’ (1992) ಚಲನಚಿತ್ರಕ್ಕೆ ಮೂಲ ಇದೇ ಕಥೆ. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಆಪೆರಾ ಆಗಿಸಿದರು. ಅದು 2006ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನ ಕಂಡಿತು.

ಕಥೆಯ ಹುಡುಗಿ ಕೂಲಿ ಮಾಡುವ ಮುದುಕಿಯ ಕಿರಿಯ ಮಗಳು. ತಾಯಿಯ ಕಷ್ಟ ನೋಡಲಾರದೆ ಅವಳು ಅಕ್ಕನಿಗೊಂದು ಉಪಾಯ ಹೇಳುತ್ತಾಳೆ. ಎರಡು ಬಿಂದಿಗೆ ನೀರು ತರಬೇಕು, ಉಗುರು ಸೋಕಿಸಬಾರದು. ಒಂದು ಬಿಂದಿಗೆ ಸುರಿದರೆ ತಾನು ಹೂಬಿಟ್ಟ ಗಿಡವಾಗುತ್ತೇನೆ; ಎಲೆ ಹರಿಯದಂತೆ, ಕುಡಿ ಮುರಿಯದಂತೆ ಹೂ ಬಿಡಿಸಿಕೊಳ್ಳಬೇಕು; ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತೇನೆ. ಅಕ್ಕತಂಗಿಯರು ಹೂವನ್ನು ಅರಮನೆಗೆ ಮಾರುತ್ತಾರೆ, ಬಂದ ಕಾಸನ್ನು ತಾಯಿಗೆ ತಿಳಿಯದಂತೆ ಬಚ್ಚಿಡುತ್ತಾರೆ. ರಾಜಕುಮಾರ ಕದ್ದು ನೋಡುತ್ತಾನೆ, ಮದುವೆಯಾಗುತ್ತಾನೆ. ಆಮೇಲೆ ಅವನ ತಂಗಿ ಹಟ ಹಿಡಿದು ಅವಳನ್ನು ಸುರಹೊನ್ನೆಯ ತೋಪಿಗೆ ಕರೆದೊಯ್ದು ಗಿಡವಾಗಿಸುತ್ತಾಳೆ. ಜೊತೆಯ ಹುಡುಗಿಯರು ಕೊಂಬೆ ಮುರಿದು ಹೂ ಕೀಳುತ್ತಾರೆ. ಎರಡನೆಯ ಬಿಂದಿಗೆಯನ್ನು ಬೇಕಾಬಿಟ್ಟಿ ಸುರಿದು ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಗಾಯದ ಮುದ್ದೆಯಾಗಿ ಉಳಿಯುತ್ತಾಳೆ. ಬಹುಕಾಲದ ನಂತರ ಗಂಡನೇ ನೀರು ಸುರಿದು, ಮುರಿದ ಕೊಂಬೆಗಳನ್ನು ಕಟ್ಟಿ ಸರಿಮಾಡಿದಾಗ ಅವಳು ಮತ್ತೆ ಮನುಷ್ಯಳಾಗುತ್ತಾಳೆ.

ಒಳ್ಳೆಯ ಅದ್ಭುತ ಕಾದಂಬರಿಗೆ ಬೇಕಾದ ನಾಲ್ಕು ಅಂಗಗಳನ್ನು ಈ ಕಥೆಯಿಂದ ಬಿಡಿಸಿ ಹೇಳಬಹುದು. ಮೊದಲನೆಯದು ಕಾರಣ. ಮಾಯೆ ಹುಟ್ಟುವುದು ಮನೆಯ ಬಡತನದಿಂದ. ಹುಡುಗಿಗೆ ಬೇಕಾದದ್ದು ತಾಯಿಗೊಂದಿಷ್ಟು ಬಿಡುವು. ಎರಡನೆಯದು ನಿಯಮ. ಎರಡು ಬಿಂದಿಗೆ, ಉಗುರು ಸೋಕದ ನೀರು, ಮುರಿಯದ ಕುಡಿ. ನಿಯಮ ಖಚಿತವಾಗಿರುವುದರಿಂದ ಅದು ಮುರಿದಾಗ ಕೇಳುಗನ ಎದೆ ಝಲ್ಲೆನ್ನುತ್ತದೆ. ಮೂರನೆಯದು ಬೆಲೆ. ಶಕ್ತಿ ಇರುವುದು ದೇಹದಲ್ಲಿ, ಆದ್ದರಿಂದ ಅದನ್ನು ದುರುಪಯೋಗ ಮಾಡಿದರೆ ಗಾಯವಾಗುವುದೂ ದೇಹಕ್ಕೆ. ನಾಲ್ಕನೆಯದು ಆರೈಕೆ. ಕಥೆ ಮುಗಿಯುವುದು ಮುರಿದದ್ದನ್ನು ಒಂದೊಂದಾಗಿ ಕಟ್ಟುವ ಕೈಗಳಿಂದ.

ಈ ಕಥೆಯ ಕುರಿತ ಪ್ರಬಂಧದಲ್ಲಿ ರಾಮಾನುಜನ್ ಇದನ್ನು ಹೆಣ್ಣಿನ ಕಥೆಯಾಗಿ ಓದಿದರು. ಸಂಸ್ಕೃತದಲ್ಲಿ ‘ಪುಷ್ಪವತಿ’ ಎಂದರೆ ಋತುಮತಿ. ಹೂವಾಗುವುದು ಎಂದರೆ ದೊಡ್ಡವಳಾಗುವುದು. ಮೈ ಬದಲಾಗುವ ವಯಸ್ಸಿನಲ್ಲಿ ಆ ಮೈಯ ಮೇಲೆ ಎಲ್ಲರಿಗೂ ಹಕ್ಕು ಬಂದಂತಾಗುವ ಭಯವನ್ನು ಈ ಕಥೆ ಹೆಸರೆತ್ತದೆ ಹೇಳುತ್ತದೆ. ಹರೆಯದ ಕುರಿತು ನೇರವಾಗಿ ಮಾತಾಡಲು ಆಗದ ಮನೆಗಳಲ್ಲಿ ಅಜ್ಜಿಯರು ಅದನ್ನು ಗಿಡವಾಗಿಸಿ, ನೀರಾಗಿಸಿ ಮೊಮ್ಮಗಳಿಗೆ ಮುಟ್ಟಿಸಿದರು. ಅದ್ಭುತ ಕಥನದ ಸಾಮಾಜಿಕ ಕೆಲಸ ಯಾವುದು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗುವುದು ಕಷ್ಟ.

4. ಅಚ್ಚಿನ ಯುಗ ಮತ್ತು ಖಾಲಿ ಉಳಿದ ಕಪಾಟು

ಅಚ್ಚಿನ ಯುಗದಲ್ಲಿ ಕನ್ನಡದ ದೊಡ್ಡ ಲೇಖಕರು ಮಕ್ಕಳಿಗಾಗಿ ಮನಸಾರೆ ಬರೆದರು. ಪಂಜೆ ಮಂಗೇಶರಾಯರು (1874–1937), ಜಿ. ಪಿ. ರಾಜರತ್ನಂ, ಶಿವರಾಮ ಕಾರಂತ, ಕುವೆಂಪು ಎಲ್ಲರೂ ಈ ಸಾಲಿನವರು. ರಾಬರ್ಟ್ ಬ್ರೌನಿಂಗ್ ಕವಿತೆಯ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ತುಂಗೆಯ ದಡಕ್ಕೆ ತಂದು ನೆಲೆಯಾಗಿಸಿದ ರೀತಿ, ಪರದೇಶದ ಅದ್ಭುತವನ್ನು ಕನ್ನಡದ ನೆಲಕ್ಕೆ ಒಗ್ಗಿಸುವ ಕೆಲಸಕ್ಕೆ ಇಂದಿಗೂ ಮಾದರಿ.

ಹಳ್ಳಿಹಳ್ಳಿಯ ಓದುಗರಿಗೆ ಅದ್ಭುತವನ್ನು ತಿಂಗಳು ತಿಂಗಳು ಮುಟ್ಟಿಸಿದ್ದು ‘ಚಂದಮಾಮ’. 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ಈ ಪತ್ರಿಕೆಯ ಕನ್ನಡ ಆವೃತ್ತಿ 1949ರ ಜುಲೈನಲ್ಲಿ ಬಂದಿತು. ಬೇತಾಳ ಕಥೆಗಳ ಕೊನೆಯಲ್ಲಿ ಬರುವ ಪ್ರಶ್ನೆ ಓದುಗರನ್ನು ನ್ಯಾಯಾಧೀಶರ ಸ್ಥಾನದಲ್ಲಿ ಕೂರಿಸುತ್ತಿತ್ತು. ಮುಂದೆ ‘ಬಾಲಮಂಗಳ’ ಪತ್ರಿಕೆಯ ಡಿಂಗನಂಥ ಪಾತ್ರಗಳು ಇನ್ನೊಂದು ತಲೆಮಾರನ್ನು ಓದಿಗೆ ಹಚ್ಚಿದವು.

ಇವೆಲ್ಲ ಹೆಚ್ಚಾಗಿ ಹತ್ತು ಹನ್ನೆರಡು ವರ್ಷದೊಳಗಿನವರಿಗೆ ಒಪ್ಪುವ ಬರಹಗಳು. ಅಲ್ಲಿಂದ ಮುಂದಕ್ಕೆ ಕನ್ನಡದ ಹುಡುಗ ಹುಡುಗಿಯರು ಒಂದೇ ನೆಗೆತಕ್ಕೆ ದೊಡ್ಡವರ ಕಾದಂಬರಿಗೆ ಹಾರಬೇಕಾಗಿತ್ತು. ಕೆಲವರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಿಡಿದು ಆ ಕಂದಕವನ್ನು ದಾಟಿದರು. ಹಾರುವ ಓತಿಯನ್ನು ಹುಡುಕಿಕೊಂಡು ಹಳ್ಳಿಯ ಸಾಮಾನ್ಯರು ಕಾಡು ಹೊಗುವ ಆ ಕಾದಂಬರಿಯನ್ನು ಹರೆಯದವರು ತಮ್ಮದೆಂದು ಒಪ್ಪಿಕೊಂಡದ್ದು ಸಹಜ. ಆದರೆ 14ರಿಂದ 18ರವರೆಗಿನ ಓದುಗರಿಗೆಂದೇ ಮೀಸಲಾದ ಕಪಾಟು ಬಹುಕಾಲ ಖಾಲಿ ಉಳಿಯಿತು. ಕಾನೂನಿನ ಲೆಕ್ಕದಲ್ಲೂ ಈ ವಯಸ್ಸು ಹೀಗೆಯೇ ನಡುವೆ ಸಿಕ್ಕಿಕೊಂಡಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆ ಉಚಿತ ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿರುವುದು 6ರಿಂದ 14 ವರ್ಷದವರಿಗೆ.

ಈಚಿನ ವರ್ಷಗಳಲ್ಲಿ ಕಾದಂಬರಿಯ ರೂಪ ಎಳೆಯರ ಸಾಹಿತ್ಯಕ್ಕೆ ಬಲವಾಗಿ ಮರಳಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಕೃತಿಗಳೇ ಇದಕ್ಕೆ ಸಾಕ್ಷಿ. 2011ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಈ ಗೌರವ ಪಡೆದವು. ಮುಳುಗಿದ ಊರು, ಮನೆ ಬಿಟ್ಟ ಹುಡುಗ, ಗುಹೆ, ಗೇಟು: ಈ ಹೆಸರುಗಳಲ್ಲೇ ಹೊಸ್ತಿಲು ದಾಟುವ ತವಕ ಇದೆ. ಬೆಂಗಳೂರಿನ ಲೇಖಕಿ ರೂಪಾ ಪೈ ಇಂಗ್ಲಿಷಿನಲ್ಲಿ ಬರೆದ ‘ತಾರಾನಾಟ್ಸ್’ ಮಾಲೆ 2009ರಲ್ಲಿ ಆರಂಭವಾಗಿ 8 ಪುಸ್ತಕಗಳಾಗಿ ಬೆಳೆಯಿತು. ‘ಮಿಥ್ಯಾ’ ಎಂಬ ಹೆಸರಿನ ಬೇರೆಯೇ ವಿಶ್ವದಲ್ಲಿ ನಡೆಯುವ ಈ ಕಥೆಯ ಮೂವರು ಮಕ್ಕಳು ವಿಶೇಷ ಶಕ್ತಿ ಪಡೆದವರು. ವಿಶೇಷ ಶಕ್ತಿ ಇಲ್ಲದ, ಕನ್ನಡದಲ್ಲೇ ಕನಸು ಕಾಣುವ ಹರೆಯದವರ ದೀರ್ಘ ಅದ್ಭುತ ಕಾದಂಬರಿಗೆ ಇನ್ನೂ ಬಹಳ ಜಾಗ ಉಳಿದಿದೆ.

5. ಆಯ್ಕೆಯಾಗದವರ ಕಥೆ: ಒಂದು ಹೋಲಿಕೆ

ವಿಶೇಷ ಶಕ್ತಿ ಇಲ್ಲದವರ ಪ್ರಶ್ನೆ ಹೊರಲೋಕದಲ್ಲೂ ಏಳದೆ ಇರಲಿಲ್ಲ. 1997ರಲ್ಲಿ ಹ್ಯಾರಿ ಪಾಟರ್ ಮಾಲೆ ಆರಂಭವಾದ ಮೇಲೆ, ವಿಧಿಯೇ ಆರಿಸಿದ ಒಬ್ಬ ಹುಡುಗ ಅಥವಾ ಹುಡುಗಿ ಲೋಕವನ್ನು ಉಳಿಸುವ ಕಥೆಗಳು ದಂಡಿಯಾಗಿ ಬಂದವು. ಹಾಗಾದರೆ ಅದೇ ಶಾಲೆಯಲ್ಲಿ ಓದುವ, ಯಾರೂ ಆರಿಸದ ಉಳಿದವರ ಗತಿ ಏನು? ಪ್ಯಾಟ್ರಿಕ್ ನೆಸ್ ಅವರ ‘ದ ರೆಸ್ಟ್ ಆಫ್ ಅಸ್ ಜಸ್ಟ್ ಲಿವ್ ಹಿಯರ್’ (2015) ಈ ಪ್ರಶ್ನೆಯ ಮೇಲೆಯೇ ಕಟ್ಟಿದ ಕಾದಂಬರಿ.

ಅದರ ರಚನೆ ಸರಳ, ಆದರೆ ತೀಕ್ಷ್ಣ. ಪ್ರತಿ ಅಧ್ಯಾಯದ ತಲೆಯಲ್ಲಿ ಕೆಲವೇ ಸಾಲುಗಳಲ್ಲಿ ‘ದೊಡ್ಡ ಕಥೆ’ಯ ಸಾರಾಂಶ ಬರುತ್ತದೆ: ಅಮರರೆಂಬ ಶತ್ರುಗಳು, ಅವರನ್ನು ಎದುರಿಸುವ ವೀರ ಎಳೆಯರು, ಸಾವುಗಳು. ಅದರ ಕೆಳಗೆ ಇಡೀ ಅಧ್ಯಾಯ ಮೈಕಿ ಎಂಬ ಹುಡುಗ ಮತ್ತು ಅವನ ಗೆಳೆಯರದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಸಣ್ಣ ಊರಿನ ಈ ಹುಡುಗರಿಗೆ ಬೇಕಾಗಿರುವುದು, ತಮ್ಮ ಶಾಲೆ ಮತ್ತೊಮ್ಮೆ ಸಿಡಿದು ಹೋಗುವುದರೊಳಗೆ ಓದು ಮುಗಿಸುವುದು. ಮೈಕಿಗೆ ಕೈ ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುವ, ಎಣಿಸಿದ್ದನ್ನೇ ಎಣಿಸುವ ಗೀಳಿನ ಕಾಯಿಲೆ. ಅವನ ಅಕ್ಕ ಊಟ ಬಿಡುವ ಕಾಯಿಲೆಯಿಂದ ಸಾವಿನ ಅಂಚಿಗೆ ಹೋಗಿ ಬಂದವಳು. ತಂದೆ ಕುಡಿತಕ್ಕೆ ಸಿಕ್ಕವನು. ಊರ ಆಚೆ ನೀಲಿ ಬೆಳಕು ಮಿಂಚುತ್ತಿರುವಾಗ ಇವರು ಮನೆಯೊಳಗಿನ ಕತ್ತಲೆಯನ್ನು ದಾಟುತ್ತಿರುತ್ತಾರೆ.

ನೆಸ್ ದೊಡ್ಡ ಕಥೆಯನ್ನು ನಾಲ್ಕು ಸಾಲಿಗೆ ಇಳಿಸಿ, ಸಣ್ಣ ಬದುಕಿಗೆ ಇಡೀ ಪುಟಗಳನ್ನು ಕೊಟ್ಟದ್ದು ಒಂದು ನೈತಿಕ ತೀರ್ಮಾನ. ದಿನ ದೂಡುವುದಕ್ಕೂ ಧೈರ್ಯ ಬೇಕು ಎಂಬುದು ಅದರ ಸಾರ. ಕನ್ನಡದ ಜನಪದ ಕಥೆ ಇದೇ ಜಾಗಕ್ಕೆ ಬೇರೆ ದಾರಿಯಿಂದ ಬರುತ್ತದೆ. ಅದು ಆಯ್ಕೆಯಾದವರನ್ನೂ ಉಳಿದವರನ್ನೂ ಎರಡು ಗುಂಪು ಮಾಡುವುದಿಲ್ಲ. ಏಳು ಮಂದಿ ಅಣ್ಣತಮ್ಮಂದಿರಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕಿರಿಯನಿಗೇ ದಾರಿಯಲ್ಲಿ ಇರುವೆಯೋ ಹದ್ದೋ ಎದುರಾಗುತ್ತದೆ. ಅವನು ಅದಕ್ಕೆ ತನ್ನ ಬುತ್ತಿಯ ತುತ್ತು ಕೊಡುತ್ತಾನೆ. ಆ ತುತ್ತೇ ಮುಂದೆ ಅವನನ್ನು ಕಾಯುತ್ತದೆ. ಆಯ್ಕೆ ನಡೆಯುವುದು ಹುಟ್ಟಿನಲ್ಲಲ್ಲ, ನಡತೆಯಲ್ಲಿ. ನೆಸ್ ಅವರ ಕಾದಂಬರಿಯ ಮರುಕ ಮತ್ತು ಜನಪದ ಕಥೆಯ ಭರವಸೆ ಎರಡೂ ಇಂದಿನ ಕನ್ನಡದ ಹರೆಯದವರಿಗೆ ಸಲ್ಲಬೇಕಾದವು.

6. ಬೆಂಗಳೂರು ಗ್ರಾಮಾಂತರದ ನೆಲ

ಇಂಥ ಕಾದಂಬರಿಗೆ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ. 1986ರಲ್ಲಿ ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಐತಿಹ್ಯ, ಬೆಟ್ಟ ಮತ್ತು ಕಸುಬುಗಳನ್ನು ನೋಡಿದರೆ ಸಾಕು.

ದೇವನಹಳ್ಳಿ ತಾಲ್ಲೂಕಿನ ಆವತಿ ಈ ಸೀಮೆಯ ನಾಡಪ್ರಭುಗಳ ಮೂಲ ನೆಲೆ. ಕಂಚಿಯ ಕಡೆಯಿಂದ ಬಂಡಿಗಳಲ್ಲಿ ವಲಸೆ ಬಂದ ಮೊರಸು ಒಕ್ಕಲಿಗರ ಕುಟುಂಬಗಳು ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿ ಬಿಟ್ಟು ನೆಲೆನಿಂತ ಐತಿಹ್ಯವನ್ನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ದಾಖಲಿಸಿದೆ. ಆ ವಲಸೆಗೆ ಕಾರಣ ಒಬ್ಬ ಹುಡುಗಿ. ಬಲಶಾಲಿಯೊಬ್ಬ ಅವಳನ್ನು ಬಲವಂತವಾಗಿ ಮದುವೆಯಾಗಲು ಹೊರಟಾಗ ಮನೆಯವರು ರಾತ್ರೋರಾತ್ರಿ ಊರು ಬಿಟ್ಟರು. ಹಿಂದೆ ಬೆನ್ನಟ್ಟುವವರು, ಮುಂದೆ ತುಂಬಿ ಹರಿಯುವ ಪಾಲಾರ್ ಹೊಳೆ. ಹುಡುಗಿ ತನ್ನ ಕಿವಿಯ ಓಲೆಯನ್ನು ಬಿಚ್ಚಿ ಹೊಳೆಗೆ ಅರ್ಪಿಸಿದಳು. ನೀರು ಸರಿದು ದಾರಿ ಬಿಟ್ಟಿತು. ಆ ವಂಶದವರು ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಕಟ್ಟಿದರು. ದೇವನಹಳ್ಳಿಯ ಮೊದಲ ಮಣ್ಣಿನ ಕೋಟೆ 1501ರಲ್ಲಿ ಎದ್ದಿತು. ಕೋಟೆ ಕಟ್ಟಿದ ಪಾಳೆಯಗಾರರ ಹೆಸರುಗಳು ಪಾಠದಲ್ಲಿ ಬರುತ್ತವೆ. ಒಂದು ಓಲೆಯಿಂದ ಹೊಳೆ ದಾಟಿಸಿದವಳು ಮಾತ್ರ ತನ್ನ ಕಾದಂಬರಿಗಾಗಿ ಕಾಯುತ್ತಿದ್ದಾಳೆ. ಹೂವಿನ ಗಿಡದ ಕಥೆಯ ನಾಲ್ಕು ಅಂಗಗಳಲ್ಲಿ ಮೂರು, ಕಾರಣ, ನಿಯಮ ಮತ್ತು ಬೆಲೆ, ಈ ಐತಿಹ್ಯದಲ್ಲೂ ಇವೆ.

ದೊಡ್ಡಬಳ್ಳಾಪುರದ ಹೆಸರಿನ ಹಿಂದೆ ಇನ್ನೊಂದು ಐತಿಹ್ಯವಿದೆ. ಹಸುವೊಂದು ನಿತ್ಯ ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲು ಸುರಿಸುತ್ತಿತ್ತು. ಅದನ್ನು ಶುಭಶಕುನವೆಂದು ತಿಳಿದು ಅಲ್ಲಿ ಊರು ಕಟ್ಟಿದರು. ಇದೇ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ನಡೆಸಿದ ಉತ್ಖನನ ಬೌದ್ಧ ಚೈತ್ಯ ಮತ್ತು ವಿಹಾರವನ್ನು ಬೆಳಕಿಗೆ ತಂದಿತು. ಅಲ್ಲಿ ಸಿಕ್ಕಿದವುಗಳಲ್ಲಿ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳೂ ಅವುಗಳೊಳಗೆ ಅಡಗಿಸಿಟ್ಟ ಬರಹದ ಮುದ್ರೆಗಳೂ ಇದ್ದವು. ರಾಗಿ ಹೊಲದ ಆಳದಲ್ಲಿ ಮರೆತುಹೋದ ಒಂದು ಲೋಕ, ಮುಷ್ಟಿಯಷ್ಟು ಮಣ್ಣಿನೊಳಗೆ ಕಾದಿಟ್ಟ ಮಾತು: ಅದ್ಭುತ ಕಾದಂಬರಿಕಾರ ಕಲ್ಪಿಸಬೇಕಾದದ್ದನ್ನು ಇಲ್ಲಿ ಇತಿಹಾಸವೇ ಒದಗಿಸಿದೆ.

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣೇಶನಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆ ಎನ್ನುತ್ತಾರೆ. ಒಂದೇ ಬೆಟ್ಟ ನಿಂತ ಜಾಗಕ್ಕೆ ತಕ್ಕಂತೆ ನಾಲ್ಕು ರೂಪವಾಗುವುದು, ನಾಲ್ವರು ಗೆಳೆಯರು ನಾಲ್ಕು ದಿಕ್ಕಿನ ಊರುಗಳಿಂದ ಹೇಳುವ ಕಾದಂಬರಿಗೆ ಸಿದ್ಧವಾದ ಚೌಕಟ್ಟು. ಬೆಟ್ಟದ ಒಳಕಲ್ಲು ತೀರ್ಥದಲ್ಲಿ ಕಲ್ಲಿನ ಕುಳಿಗೆ ಕೈ ಇಳಿಬಿಟ್ಟು ನೀರು ಸಿಗುತ್ತದೆಯೇ ಎಂದು ನೋಡುವ ವಾಡಿಕೆ ಇದೆ. ಪುಣ್ಯವಂತರ ಕೈಗೆ ಮಾತ್ರ ನೀರು ಸಿಗುತ್ತದೆ ಎಂಬುದು ನಂಬಿಕೆ. ಸಾಲಿನಲ್ಲಿ ನಿಂತ ಹದಿನೈದರ ಹುಡುಗನಿಗೆ ಆ ಒಂದು ಗಳಿಗೆಯ ಆತಂಕ ಎಷ್ಟು ದೊಡ್ಡದು ಎಂಬುದನ್ನು ಹೇಳಬಲ್ಲದ್ದು ಕಾದಂಬರಿ ಮಾತ್ರ.

ಕಸುಬುಗಳಲ್ಲೂ ಮಾಯೆಯ ವ್ಯಾಕರಣವಿದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಿನ ಹಳ್ಳಿಗಳ ರೇಷ್ಮೆ ಮನೆಗಳಲ್ಲಿ ಹುಳು ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ, ಮೇವು ಬಿಡುತ್ತದೆ, ಪೊರೆ ಕಳಚಿ ಏಳುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಟ್ಟರೆ ಅದು ಗೂಡು ಕಟ್ಟುತ್ತದೆ. ನೂಲು ಹರಿಯದೆ ಬರಬೇಕೆಂದರೆ ಒಳಗಿನ ಜೀವ ಪತಂಗವಾಗಿ ಹೊರಬರುವ ಮೊದಲೇ ಗೂಡನ್ನು ಬೇಯಿಸಬೇಕು. ಬೆಳಗಿನ ಜಾವ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು ಆಮೇಲೆ ಶಾಲೆಗೆ ಹೋಗುವ ಹುಡುಗಿ ರೂಪಾಂತರದ ಸೊಬಗನ್ನೂ ಅದರ ಕ್ರೌರ್ಯವನ್ನೂ ಒಟ್ಟಿಗೆ ಕಂಡವಳು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುತ್ತ, ಲಾಳಿಯ ಸದ್ದಿನ ನಡುವೆ ಪಾಠ ಓದುತ್ತ ಬೆಳೆದವರಿಗೆ ಹಾಸು ಹೊಕ್ಕುಗಳ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ನೇಯ್ಗೆಯ ಮನೆತನದಲ್ಲಿ ಇದೇ ಊರಿನಲ್ಲಿ ಹುಟ್ಟಿದ ವಿಮರ್ಶಕ ಡಿ. ಆರ್. ನಾಗರಾಜ್ (1954–1998) ‘ಸಾಂಸ್ಕೃತಿಕ ವಿಸ್ಮೃತಿ’ಯ ಕುರಿತು ಗಾಢವಾಗಿ ಚಿಂತಿಸಿದವರು. ಸಮುದಾಯಗಳು ತಮ್ಮ ನೆನಪನ್ನೂ ಕೌಶಲವನ್ನೂ ಕಳೆದುಕೊಳ್ಳುವ ನೋವು ಅವರ ಬರಹಗಳ ಉದ್ದಕ್ಕೂ ಹರಿದಿದೆ. ಹರೆಯದವರ ಅದ್ಭುತ ಕಾದಂಬರಿ ಆ ಮರೆವಿಗೆ ಎದುರಾಗಿ ಹಚ್ಚಬಹುದಾದ ಒಂದು ದೀಪ.

ಇಂದಿನ ನೆಲವೂ ವಿಚಿತ್ರದಿಂದ ತುಂಬಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹುಟ್ಟಿದ ಮಕ್ಕಳೇ ಈಗ ಹದಿಹರೆಯದವರು. ಚಕ್ಕೋತದ ಗಿಡದ ನೆರಳಿನಿಂದ ತಲೆಯೆತ್ತಿದರೆ ವಿಮಾನದ ಹೊಟ್ಟೆ ಕಾಣುತ್ತದೆ. ಅಜ್ಜನ ಹೊಲವಿದ್ದಲ್ಲಿ ಬಡಾವಣೆಯ ಕಲ್ಲು ನೆಟ್ಟಿದ್ದಾರೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯನ್ನು ಹೊಳೆಯೆಂದು ಕಾಣುವುದು ಮಳೆಗಾಲದಲ್ಲೂ ಅಪರೂಪ. ಊರು ಊರಾಗಿ ಉಳಿಯದೆ, ನಗರವೂ ಆಗದೆ ರೂಪ ಬದಲಿಸುತ್ತಿರುವಾಗ ಅದರ ಜೊತೆಗೇ ಮೈಮನಸ್ಸು ಬದಲಾಗುತ್ತಿರುವ ಹುಡುಗ ಹುಡುಗಿಯರ ಅನುಭವವನ್ನು ವಾಸ್ತವದ ವರದಿ ಪೂರ್ತಿ ಹಿಡಿಯಲಾರದು. ಕೆರೆಯ ಕೆಳಗೆ ಮಾತಾಡುವ ಹೊಳೆಯೊಂದು ಕಥೆಯೊಳಗೆ ಬಂದರೆ ಅದನ್ನು ಹಿಡಿಯಬಹುದು.

7. ಬರೆಯುವವರಿಗೂ ಓದಿಸುವವರಿಗೂ

ಇಂಥ ಬರವಣಿಗೆಗೆ ಕೆಲವು ಎಚ್ಚರಗಳು ಅಗತ್ಯ. ಮೊದಲನೆಯದು ಅದ್ಭುತಕ್ಕೂ ಮೂಢನಂಬಿಕೆಗೂ ಇರುವ ಅಂತರ. ಅಮಾನವೀಯ ಆಚರಣೆ ಮತ್ತು ವಾಮಾಚಾರಗಳ ವಿರುದ್ಧ ಕರ್ನಾಟಕ 2017ರಲ್ಲಿ ಕಾಯ್ದೆ ರೂಪಿಸಿತು. ಅದು 2020ರಲ್ಲಿ ಜಾರಿಗೆ ಬಂದಿತು. ಮೂಢನಂಬಿಕೆ ತಾನು ನಿಜವೆಂದು ಸಾಧಿಸಿ ಭಯ ಹುಟ್ಟಿಸುತ್ತದೆ, ಕಾಸು ಕೀಳುತ್ತದೆ, ಮೈಗೆ ನೋವು ಮಾಡುತ್ತದೆ. ಅದ್ಭುತ ಕಥೆ ತಾನು ಕಥೆಯೆಂದು ಮೊದಲೇ ಒಪ್ಪಿಕೊಳ್ಳುತ್ತದೆ. ಭಯವನ್ನು ಎದುರು ಕೂರಿಸಿಕೊಂಡು ಅದರ ಜೊತೆ ಮಾತಾಡಲು ಕಲಿಸುತ್ತದೆ. ಜನ್ನನ ಕಾವ್ಯ ಬಲಿಯ ಕತ್ತಿಯನ್ನು ತಡೆದದ್ದು ಅದ್ಭುತ ಕಥೆಯಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಪರಂಪರೆಯನ್ನು ಪ್ರಶ್ನಿಸುವ ಹೊಣೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯ ಭಾಗೀರಥಿ ಮನೆಯ ಕಿರಿಯ ಸೊಸೆ, ನೀರಿಗಾಗಿ ಅವಳನ್ನು ಬಲಿಕೊಟ್ಟವರು ಹಿರಿಯರು. ಕೆರೆಗಳ ಸೀಮೆಯಾದ ಹೊಸಕೋಟೆ, ದೊಡ್ಡಬಳ್ಳಾಪುರಗಳಲ್ಲಿ ಕುಳಿತು ಇಂದು ಬರೆಯುವವರು ಆ ಕಥೆಯ ದುಃಖವನ್ನು ಉಳಿಸಿಕೊಂಡೇ, ಅವಳು ‘ಒಲ್ಲೆ’ ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಬಲ್ಲರು. ಆವತಿಯ ಹುಡುಗಿಗಾಗಿ ಇಡೀ ಬಂಧುಬಳಗ ಊರನ್ನೇ ಬಿಟ್ಟಿತು ಎಂಬ ಐತಿಹ್ಯ ಆ ಪ್ರಶ್ನೆಗೆ ಪಕ್ಕದಲ್ಲೇ ಸಿಗುವ ಉತ್ತರ.

ಮೂರನೆಯದು ಭಾಷೆ. ಈ ಜಿಲ್ಲೆಯ ಹರೆಯದವರ ಬಾಯಲ್ಲಿ ಮನೆಯ ಕನ್ನಡದ ಜೊತೆ ತೆಲುಗು, ಉರ್ದು, ತಮಿಳು, ಶಾಲೆಯ ಇಂಗ್ಲಿಷ್ ಬೆರೆತಿರುತ್ತವೆ. ಅವರ ಮಾತು ಪುಸ್ತಕದಲ್ಲಿ ಅವರದೇ ಮಾತಿನಂತೆ ಕೇಳಿಸಬೇಕು. ಮಂತ್ರದ ಮಾತಿಗೆ ಹೊಸ ಪದ ಬೇಕಾದಾಗ ಮಗ್ಗ, ಹೊಲ, ರೇಷ್ಮೆ ಮನೆಗಳ ನುಡಿಗಟ್ಟಿನಲ್ಲಿ ಅದು ಸಿಗುತ್ತದೆ.

ನಾಲ್ಕನೆಯದು ಪುಸ್ತಕ ಕೈ ಸೇರುವ ದಾರಿ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತ. 14ಕ್ಕೆ ನಿಂತುಬಿಡದೆ 18ರವರೆಗೂ ಕೈ ಚಾಚಿರುವುದು ಈ ಯೋಜನೆಯ ದೊಡ್ಡ ಗುಣ. ಆ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಹರೆಯದವರ ಕಾದಂಬರಿಗೂ ಒಂದು ಸಾಲು ಮೀಸಲಾದರೆ, ಬರೆಯುವವರಿಗೆ ಓದುಗರು ಸಿಗುತ್ತಾರೆ, ಓದುಗರಲ್ಲಿ ಕೆಲವರು ಬರೆಯತೊಡಗುತ್ತಾರೆ.

ಅಡುಗೂಲಜ್ಜಿ ದಾರಿಹೋಕ ಹುಡುಗನಿಗೆ ಕತ್ತಿ ಕೊಟ್ಟವಳಲ್ಲ. ಹೊಟ್ಟೆಗೆ ಹಾಕಿದಳು, ಮುಂದಿನ ದಾರಿ ಹೇಳಿದಳು, ಎಲ್ಲಿ ಎಚ್ಚರ ಬೇಕೆಂಬುದನ್ನೂ ತಿಳಿಸಿದಳು. ಹರೆಯದವರ ಅದ್ಭುತ ಕಾದಂಬರಿ ಮಾಡಬೇಕಾದ ಕೆಲಸವೂ ಅಷ್ಟೇ.